ನೀರು ಕುಡಿದರೆ ಕೆಮ್ಮು: ಗಂಟಲಿಗೆ ಸ್ಕ್ಯಾನಿಂಗ್ ಮಾಡಿಸಿದರೆ ಸಾಕೇ?

ಕಾಪು ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಅಪ್ಪನಿಗೆ 68 ವರ್ಷ. ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಗಿತ್ತು. ಕೈಕಾಲು ಈಗ ಪರವಾಗಿಲ್ಲ, ಆದರೆ ನೀರು ಕುಡಿದರೆ ಕೆಮ್ಮು ಬರುತ್ತದೆ. ಬೇರಿಯಂ ಕುಡಿಸಿ ಎಕ್ಸ್‌ರೇ ವಿಡಿಯೋ ತೆಗೆಯಬೇಕು, ಇಲ್ಲವೇ ಮೂಗಿನಿಂದ ಕ್ಯಾಮೆರಾ ಹಾಕಿ ನೋಡಬೇಕು ಎಂದಿದ್ದಾರೆ. ಅಪ್ಪ ಎರಡಕ್ಕೂ ಒಪ್ಪುತ್ತಿಲ್ಲ. ಹೊಟ್ಟೆಗೆ ಮಾಡುವ ಹಾಗೆ ಗಂಟಲಿಗೂ ಸ್ಕ್ಯಾನಿಂಗ್ ಮಾಡಿದರೆ ಆಗುವುದಿಲ್ಲವೇ? ಸದ್ಯಕ್ಕೆ ಗಂಜಿ ಮಾತ್ರ ಕೊಡುತ್ತಿದ್ದೇವೆ."

ಸ್ಕ್ಯಾನಿಂಗ್ ಮಾಡಬಹುದು. ಆದರೆ ನಿಮ್ಮ ಅಪ್ಪನ ವಿಷಯದಲ್ಲಿ ಮೊದಲು ಗೊತ್ತಾಗಬೇಕಾದದ್ದು ಕುಡಿದ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದು. ಅದನ್ನು ಸ್ಕ್ಯಾನಿಂಗ್ ನಂಬುವ ಹಾಗೆ ತೋರಿಸುವುದಿಲ್ಲ. ಗಂಜಿಯ ವಿಷಯಕ್ಕೆ ಆಮೇಲೆ ಬರುತ್ತೇನೆ, ನನಗೆ ಜಾಸ್ತಿ ಚಿಂತೆ ಆದದ್ದು ಅದನ್ನು ಓದಿಯೇ.

ನೀರು ಕುಡಿಯುವಾಗ ಕೆಮ್ಮಿದರೆ ನಾವು 'ನೆತ್ತಿಗೆ ಹತ್ತಿತು' ಎನ್ನುತ್ತೇವೆ. ತಲೆ ತಟ್ಟುತ್ತೇವೆ, ಯಾರೋ ನೆನೆಸಿಕೊಂಡರು ಎಂದು ನಗುತ್ತೇವೆ. ನಿಜಕ್ಕೂ ನೀರು ಹತ್ತುವುದಲ್ಲ, ಇಳಿಯುವುದು, ಅದೂ ತಪ್ಪು ದಾರಿಯಲ್ಲಿ. ಗಂಟಲಲ್ಲಿ ಶ್ವಾಸನಾಳ ಮುಂದೆ, ಅನ್ನನಾಳ ಹಿಂದೆ. ಗಂಟಲ ಉಬ್ಬಿನ ಮೇಲೆ ಬೆರಳಿಟ್ಟು ಒಮ್ಮೆ ಉಗುಳು ನುಂಗಿ ನೋಡಿ. ಉಬ್ಬು ಮೇಲೆದ್ದು ಕೆಳಗೆ ಕೂರುತ್ತದೆ. ಅಷ್ಟರೊಳಗೆ ಶ್ವಾಸನಾಳದ ಬಾಗಿಲು ಮುಚ್ಚಬೇಕು, ಅನ್ನನಾಳದ್ದು ತೆರೆಯಬೇಕು. ಎಲ್ಲ ಸೇರಿ ಒಂದು ಸೆಕೆಂಡಿನ ಆಸುಪಾಸು. ಸ್ಟ್ರೋಕ್ ಆದ ಹಲವರಲ್ಲಿ ಈ ಸಮಯದ ಹೊಂದಾಣಿಕೆ ತಪ್ಪುತ್ತದೆ. ನೀರು ತೆಳ್ಳಗಿರುವ ಕಾರಣ ಬಾಗಿಲು ಮುಚ್ಚುವ ಮೊದಲೇ ಜಾರಿಬಿಡುತ್ತದೆ.

ಸ್ಕ್ಯಾನಿಂಗ್ ಹೇಗೆ ಮಾಡುತ್ತಾರೆ ಅಂದರೆ, ಗದ್ದದ ಕೆಳಗಿನ ಮೆದು ಭಾಗಕ್ಕೆ ತಣ್ಣನೆಯ ಜೆಲ್ ಹಚ್ಚಿ ಪ್ರೋಬ್, ಅಂದರೆ ಯಂತ್ರದ ಕೈಯಲ್ಲಿ ಹಿಡಿಯುವ ಭಾಗ, ಇಡುತ್ತಾರೆ. ಪರದೆಯಲ್ಲಿ ನಾಲಗೆಯ ಮೇಲ್ಮೈ ಒಂದು ಬಿಳಿ ಗೆರೆಯಾಗಿ ಕಾಣುತ್ತದೆ. ಅದರ ಕೆಳಗೆ ನುಂಗಲು ನೆರವಾಗುವ ಸ್ನಾಯುಗಳು. ಒಂದು ಕಡೆ ದವಡೆಯ ಕಪ್ಪು ನೆರಳು, ಇನ್ನೊಂದು ಕಡೆ ಹಯಾಯ್ಡ್ ಎಂಬ ಸಣ್ಣ ಮೂಳೆಯ ನೆರಳು. ಈ ಮೂಳೆ ನಾಲಗೆಯ ಬುಡದಲ್ಲಿ ಕುದುರೆ ಲಾಳದ ಆಕಾರದಲ್ಲಿ ಇರುತ್ತದೆ, ಬೇರೆ ಯಾವ ಮೂಳೆಗೂ ಅಂಟಿಕೊಂಡಿಲ್ಲ. ನುಂಗಿದ ಕೂಡಲೇ ಅದರ ನೆರಳು ದವಡೆಯ ಕಡೆಗೆ ಹಾರಿ ವಾಪಸ್ ಬರುತ್ತದೆ. ಎಷ್ಟು ಸರಿಯಿತು, ಸ್ನಾಯು ಎಷ್ಟು ದಪ್ಪ ಇದೆ, ನಾಲಗೆ ಸರಿಯಾಗಿ ಒತ್ತುತ್ತದೆಯೇ, ಇದನ್ನೆಲ್ಲ ಅಳೆಯಬಹುದು. ಎಕ್ಸ್‌ರೇ ಇಲ್ಲ, ಮೂಗಿಗೆ ಏನೂ ಹಾಕುವುದಿಲ್ಲ, ಮನೆಯ ಊಟವನ್ನೇ ನುಂಗಿಸಿ ನೋಡಬಹುದು. ವ್ಯಾಯಾಮ ಶುರುಮಾಡಿದ ಮೇಲೆ ಸ್ನಾಯು ಬಲವಾಯಿತೇ ಎಂದು ಮತ್ತೆ ಮತ್ತೆ ನೋಡುವುದಕ್ಕೆ ಇದಕ್ಕಿಂತ ಹಗುರದ ದಾರಿ ನನಗೆ ತೋಚುವುದಿಲ್ಲ.

ತೊಡಕು ಇರುವುದು ಗಾಳಿಯಲ್ಲಿ. ಸ್ಕ್ಯಾನಿಂಗಿನಲ್ಲಿ ಬಳಸುವ ಅಲ್ಟ್ರಾಸೌಂಡ್ ಎಂಬ ಶಬ್ದದ ಅಲೆ ಗಾಳಿಯನ್ನು ದಾಟುವುದಿಲ್ಲ, ಗಾಳಿ ಸಿಕ್ಕಿದಲ್ಲಿ ಹೆಚ್ಚುಕಡಿಮೆ ಪೂರ್ತಿ ತಿರುಗಿಬಿಡುತ್ತದೆ. ಚರ್ಮಕ್ಕೂ ಪ್ರೋಬಿಗೂ ನಡುವೆ ಜೆಲ್ ಹಚ್ಚುವುದೇ ಆ ಕಾರಣಕ್ಕೆ. ಶ್ವಾಸನಾಳ ಅಂದರೆ ಗಾಳಿಯದೇ ಕೊಳವೆ ಅಲ್ವಾ? ಅದರೊಳಗೆ ಒಂದು ಚಮಚ ನೀರು ಇಳಿದರೂ ಸ್ಕ್ಯಾನಿಂಗಿನಲ್ಲಿ ಸ್ಪಷ್ಟವಾಗಿ ಸಿಗುವುದು ಕಷ್ಟ. ಗಂಟಲಲ್ಲಿ ಉಳಿದ ಆಹಾರವನ್ನು ಹೀಗೆ ಪತ್ತೆ ಮಾಡಲು ಜಪಾನಿನವರು ಸಾಕಷ್ಟು ಕೆಲಸ ಮಾಡಿದ್ದಾರೆ. ಆದರೂ ಹಯಾಯ್ಡ್ ಮೂಳೆ ಎಷ್ಟು ಸರಿದರೆ ಸರಿ, ಎಷ್ಟಾದರೆ ಕಡಿಮೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇನ್ನೂ ಇಲ್ಲ. ಪ್ರೋಬ್ ಸ್ವಲ್ಪ ವಾರೆಯಾದರೆ ಅಳತೆಯೂ ವಾರೆ.

ನಮ್ಮಲ್ಲಿ ಇನ್ನೊಂದು ಸಂಗತಿ ಇದೆ. ಮಂಗಳೂರಿನ ಯಾವ ಸ್ಕ್ಯಾನಿಂಗ್ ಸೆಂಟರಿಗೆ ಹೋದರೂ 'ಇಲ್ಲಿ ಭ್ರೂಣ ಲಿಂಗ ಪತ್ತೆ ಮಾಡುವುದಿಲ್ಲ' ಎಂಬ ಬೋರ್ಡ್ ಇರುತ್ತದೆ. 1994ರ ಕಾನೂನಿನ ಪ್ರಕಾರ ಭ್ರೂಣವನ್ನು ನೋಡಬಲ್ಲ ಯಂತ್ರ ಎಲ್ಲಿದ್ದರೂ ನೋಂದಣಿ ಆಗಬೇಕು, ಅದನ್ನು ಬೇಕಾದಲ್ಲಿಗೆ ಒಯ್ಯುವ ಹಾಗಿಲ್ಲ. ಬ್ರಿಟನ್ನಿನಲ್ಲಿ ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್‌ಗಳೇ ಪ್ರೋಬ್ ಹಿಡಿಯಲು ಕಲಿಯುತ್ತಿದ್ದಾರೆ. ಇಲ್ಲಿ ಅದು ಅಷ್ಟು ಸುಲಭವಲ್ಲ. ಕಾನೂನು ಬೇಕಾದದ್ದೇ, ಗಂಟಲು ಸುಮ್ನೆ ಅದರ ನಡುವೆ ಸಿಕ್ಕಿಕೊಂಡಿದೆ.

ಹಾಗಾಗಿ ಡಾಕ್ಟರು ಹೇಳಿದ ಆ ಎರಡು ಪರೀಕ್ಷೆಗಳಲ್ಲಿ ಒಂದಕ್ಕೆ ಅಪ್ಪನನ್ನು ಒಪ್ಪಿಸಿ. ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಸೀಮೆಸುಣ್ಣ ಕಲಸಿದ ಹಾಗೆ ಇರುತ್ತದೆ, ರುಚಿಯಿಲ್ಲ ಅಷ್ಟೇ. ಮೈಗೆ ಹತ್ತುವುದಿಲ್ಲ, ಮಲದಲ್ಲಿ ಬೆಳ್ಳಗೆ ಹೊರಟುಹೋಗುತ್ತದೆ. ಎಕ್ಸ್‌ರೇ ಆನ್ ಆಗಿರುವುದು ಕೆಲವೇ ನಿಮಿಷ. ಕ್ಯಾಮೆರಾದ ಕೊಳವೆ ಪೆನ್ಸಿಲಿಗಿಂತ ತೆಳು, ಮೂಗಿನಲ್ಲಿ ಕಿರಿಕಿರಿ ಆಗುವುದು ನಿಜ. ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಮ್ಮು ಬಂದರೆ ಗಂಟಲು ಕಾವಲು ಕಾಯುತ್ತಿದೆ ಎಂದರ್ಥ. ಕೆಲವರಿಗೆ ಸ್ಟ್ರೋಕ್ ಆದ ಮೇಲೆ ಆ ಕೆಮ್ಮೂ ಬರುವುದಿಲ್ಲ, ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಕೆಮ್ಮು ಕಡಿಮೆಯಾಯಿತು ಎಂದು ಮನೆಯವರು ಖುಷಿಪಡುವಾಗಲೇ ಹೀಗಾಗುವುದುಂಟು. ಕುಡಿದ ಮೇಲೆ ದನಿ ಗೊರಗೊರ ಅನ್ನುವುದು, ಮತ್ತೆ ಮತ್ತೆ ಜ್ವರ, ತೂಕ ಇಳಿಯುವುದು, ಇವು ಕಂಡರೆ ಕಾಯಬೇಡಿ.

ಇನ್ನು ಗಂಜಿ. ಕಾಯಿಲೆ ಬಿದ್ದವರಿಗೆ ಕುಚ್ಚಲಕ್ಕಿ ಗಂಜಿ ಎಂಬುದು ನಮ್ಮ ಕರಾವಳಿಯ ನಂಬಿಕೆ, ಹೊಟ್ಟೆಗೆ ಅದು ಸರಿಯೇ. ಗಂಟಲಿಗೆ ಅದು ಕಷ್ಟದ ಊಟ. ಒಂದೇ ಚಮಚದಲ್ಲಿ ನೀರಿನಂಥ ತಿಳಿಯೂ ಇದೆ, ಅಗಿಯಬೇಕಾದ ಅನ್ನವೂ ಇದೆ. ಅನ್ನ ಅಗಿಯುತ್ತಿರುವಾಗಲೇ ತಿಳಿ ಹಿಂದಕ್ಕೆ ಜಾರುತ್ತದೆ. ಪರೀಕ್ಷೆ ಆಗುವ ತನಕ ಏನು ಕೊಡಬೇಕೆಂದು ಸ್ಪೀಚ್ ಥೆರಪಿಸ್ಟ್ ಹತ್ತಿರ ಇವತ್ತೇ ಕೇಳಿ. ಮಾತಿನವರಿಗೂ ನುಂಗುವುದಕ್ಕೂ ಏನು ಸಂಬಂಧ ಅನ್ನಬೇಡಿ, ಇದು ಅವರದೇ ಕೆಲಸ. ಮಂಗಳೂರು, ಮಣಿಪಾಲಗಳಲ್ಲಿ ಅದನ್ನು ಕಲಿಸುವ ಕಾಲೇಜುಗಳೇ ಇವೆ. ಗಂಟಿಲ್ಲದ ಗಟ್ಟಿ ರಾಗಿ ಮಣ್ಣಿಯಂಥದ್ದು ಹಲವರಿಗೆ ಸಲೀಸಾಗಿ ಇಳಿಯುತ್ತದೆ, ನಿಮ್ಮ ಅಪ್ಪನಿಗೆ ಆಗುತ್ತದೆಯೇ ಎಂದು ಅವರೇ ಹೇಳಬೇಕು. ಏನೇ ಕೊಟ್ಟರೂ ನೆಟ್ಟಗೆ ಕೂರಿಸಿ ಕೊಡಿ, ಉಂಡ ಮೇಲೆ ಬಾಯಿ ಚೊಕ್ಕ ಮಾಡಿಸಿ.

ಪರೀಕ್ಷೆಯ ದಿನ ಒಂದು ಸಣ್ಣ ಡಬ್ಬಿಯಲ್ಲಿ ಗಂಜಿ, ಇನ್ನೊಂದರಲ್ಲಿ ಮಣ್ಣಿ ತೆಗೆದುಕೊಂಡು ಹೋಗಬಹುದೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಬೇರಿಯಂ ಕಲಸಿ ಅದನ್ನೇ ನುಂಗಿಸಿ ನೋಡುವುದುಂಟು.