ಟ್ರಾಮ್ ತಂತಿಯ ಕರೆಂಟು ಕಾರಿಗೆ ಯಾಕಿನ್ನೂ ಸಿಗುತ್ತಿಲ್ಲ?

ಎಲೆಕ್ಟ್ರಿಕ್ ಕಾರು ತಗೊಳ್ಳೋಣ ಅಂದ ತಕ್ಷಣ ಬರುವ ಪ್ರಶ್ನೆ ಒಂದೇ, ಚಾರ್ಜ್ ಎಲ್ಲಿ ಮಾಡೋದು? ಊರಿನ ನಡುವೆ ಫಾಸ್ಟ್ ಚಾರ್ಜರ್ ಹಾಕಬೇಕಂದರೆ ಟ್ರಾನ್ಸ್‌ಫಾರ್ಮರ್ ಬೇಕು, ರಸ್ತೆ ಅಗೆದು ದಪ್ಪ ಕೇಬಲ್ ಎಳೆಯಬೇಕು. ಆದರೆ ಟ್ರಾಮ್, ಟ್ರಾಲಿಬಸ್ (ಮೇಲಿನ ತಂತಿಯ ಕರೆಂಟಿನಿಂದ ಓಡುವ ಬಸ್ಸು), ಮೆಟ್ರೊ ಓಡುವ ಊರುಗಳಲ್ಲಿ ಅಂಥ ಕೇಬಲ್ ಆಗಲೇ ಇದೆಯಲ್ವಾ?

ಇದೆ, ಮತ್ತು ದಿನದ ಬಹುಪಾಲು ಪೂರ್ತಿ ಬಳಕೆಯಾಗುವುದೇ ಇಲ್ಲ. ಹಲವು ಗಾಡಿಗಳು ಒಟ್ಟಿಗೇ ವೇಗ ಹಿಡಿದಾಗ ಎಷ್ಟು ಕರೆಂಟು ಬೇಕೋ ಅಷ್ಟಕ್ಕೆ ಲೆಕ್ಕ ಹಾಕಿ ಸಬ್‌ಸ್ಟೇಷನ್ ಕಟ್ಟಿರುತ್ತಾರೆ. ಉಳಿದ ಹೊತ್ತು ಲೋಡು ಕಮ್ಮಿ, ರಾತ್ರಿಯಂತೂ ಇನ್ನೂ ಕಮ್ಮಿ. ಅಷ್ಟೇ ಅಲ್ಲ, ಇಂದಿನ ಗಾಡಿ ಬ್ರೇಕ್ ಹಾಕಿದಾಗ ಕರೆಂಟನ್ನು ವಾಪಸ್ ತಂತಿಗೆ ಕೊಡುತ್ತದೆ. ಅದನ್ನು ಬಳಸಲು ಹತ್ತಿರದಲ್ಲಿ ಇನ್ನೊಂದು ಗಾಡಿ ಇರಬೇಕು. ಇಲ್ಲದಿದ್ದರೆ, ಹಳೇ ಸಬ್‌ಸ್ಟೇಷನ್‌ಗಳ ಡಯೋಡ್‌ಗಳು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದರಿಂದ, ಅದೆಲ್ಲ ರೆಸಿಸ್ಟರ್‌ನಲ್ಲಿ ಸುಮ್ನೆ ಶಾಖವಾಗಿ ಹೋಗುತ್ತದೆ.

ಈ ನಷ್ಟ ಎಷ್ಟು ದೊಡ್ಡದು ಅನ್ನೋದು ಲಂಡನ್ನಿನಲ್ಲಿ ಕಂಡಿತು. 2015ರಲ್ಲಿ ಅಲ್ಲಿನ ವಿಕ್ಟೋರಿಯಾ ಲೈನಿನ ಒಂದೇ ಸಬ್‌ಸ್ಟೇಷನ್‌ನಲ್ಲಿ, ಬ್ರೇಕಿನ ಕರೆಂಟನ್ನು ಮತ್ತೆ ಬಳಸುವ ಹಾಗೆ ಬದಲಾಯಿಸಿಕೊಡುವ ಇನ್ವರ್ಟರ್ ಇಟ್ಟು ನೋಡಿದರು. ದಿನಕ್ಕೆ ಸುಮಾರು 1,000 ಯೂನಿಟ್ ವಾಪಸ್ ಸಿಕ್ಕಿತು. 30 ಯೂನಿಟ್ ಬ್ಯಾಟರಿಯ ಸಣ್ಣ ಕಾರುಗಳಾದರೆ ಹೆಚ್ಚುಕಮ್ಮಿ ಮೂವತ್ತು ಕಾರುಗಳಿಗೆ ಸಾಕು.

ಈ ಕರೆಂಟನ್ನು ಕಾರಿಗೇ ಕೊಡೋಣ ಅಂತ ಮ್ಯಾಡ್ರಿಡ್ ಮೆಟ್ರೊ 'ಟ್ರೈನ್‌ಟುಕಾರ್' ಅನ್ನೋ ಯೋಜನೆಯಲ್ಲಿ ಸೈನ್ಸ್ ದೆ ಬರಾಂದಾ ನಿಲ್ದಾಣದ ಬಳಿ ಪ್ರಯೋಗ ಮಾಡಿತು. ಜರ್ಮನಿಯ ಓಬರ್‌ಹೌಸೆನ್‌ನಲ್ಲಿ 2015ರಿಂದ ಬ್ಯಾಟರಿ ಬಸ್ಸುಗಳು ಟ್ರಾಮಿನ ಕರೆಂಟಿನಿಂದಲೇ ಚಾರ್ಜ್ ಆಗತೊಡಗಿದವು. ಅದೇ ವರ್ಷ ಸಾರಿಗೆಯ ವಿದ್ಯುತ್ ಜಾಲವನ್ನೇ ಬೇರೆ ಎಲೆಕ್ಟ್ರಿಕ್ ವಾಹನಗಳಿಗೂ ಬಳಸಿ ನೋಡುವ ಎಲಿಪ್ಟಿಕ್ ಯೋಜನೆ ಯುರೋಪಿಯನ್ ಒಕ್ಕೂಟದ ಹಣದಲ್ಲಿ ಶುರುವಾಯಿತು. ಆಮೇಲೆ ನೆದರ್ಲೆಂಡ್ಸ್‌ನ ಆರ್ನೆಮ್ ಕೂಡ ತನ್ನ ಟ್ರಾಲಿಬಸ್ ತಂತಿಯನ್ನು ಹೀಗೆ ಬಳಸುವ ದಾರಿ ಹುಡುಕತೊಡಗಿತು.

ತಾಂತ್ರಿಕ ತೊಡಕುಗಳಿವೆ. ಯುರೋಪಿನ ನಿಯಮದಂತೆ 750 ವೋಲ್ಟ್ ಡಿಸಿ ಲೈನಿನಲ್ಲಿ ವೋಲ್ಟೇಜ್ 500ರಿಂದ 900ರವರೆಗೆ ಓಲಾಡಬಹುದು. ಟ್ರಾಮ್ ಹೊರಟರೆ ಇಳಿಯುತ್ತದೆ, ಬ್ರೇಕ್ ಹಾಕಿದರೆ ಏರುತ್ತದೆ. ಅದನ್ನು ನೇರವಾಗಿ ಕಾರಿಗೆ ಕೊಡುವ ಹಾಗಿಲ್ಲ. ನಡುವೆ ವೋಲ್ಟೇಜನ್ನು ಕಾರಿಗೆ ಬೇಕಾದಷ್ಟಕ್ಕೆ ಹೊಂದಿಸುವ ಡಿಸಿ-ಡಿಸಿ ಕನ್ವರ್ಟರ್ ಬೇಕು, ಅದು ಕಾರನ್ನು ತಂತಿಯಿಂದ ವಿದ್ಯುತ್ತಿನ ಮಟ್ಟಿಗೆ ಪೂರ್ತಿ ಬೇರೆಯಾಗಿಡಬೇಕು, ಯಾಕಂದರೆ ಟ್ರಾಮಿನ ಕರೆಂಟು ಹಳಿಯ ಮೂಲಕ ವಾಪಸ್ ಹೋಗುತ್ತದೆ, ಕಾರಿನ ಪಕ್ಕದಲ್ಲಿ ನಿಂತವರಿಗೆ ಶಾಕ್ ಹೊಡೆಯಬಾರದು. ಇನ್ನು ವೋಲ್ಟೇಜ್ ಕುಸಿದರೆ ಚಾರ್ಜರ್ ತಾನೇ ಹಿಂದೆ ಸರಿಯಬೇಕು. ಬಸ್ಸಿಗೆ ಕಾದವರಿಗಿಂತ ಕಾರಿನವರು ಮುಂದಾಗಬಾರದು. ಇದರಲ್ಲಿ ರಾಜಿಯೇ ಇಲ್ಲ ಅಂತ ನನ್ನ ಅಭಿಪ್ರಾಯ.

ಇದಕ್ಕೆಲ್ಲ ಎಂಜಿನಿಯರುಗಳ ಬಳಿ ಉತ್ತರ ಇದೆ. ಕೆಲಸ ಸಿಕ್ಕಿಕೊಂಡಿದ್ದು ಜಾಸ್ತಿ ಕಾನೂನಿನಲ್ಲಿ. ಜರ್ಮನಿಯಲ್ಲಿ ಟ್ರಾಮ್, ಟ್ರಾಲಿಬಸ್ ಓಡಿಸುವ ಕರೆಂಟಿಗೆ ತೆರಿಗೆ ಕಡಿಮೆ. ಅದೇ ಕರೆಂಟನ್ನು ಖಾಸಗಿ ಕಾರಿಗೆ ಮಾರಿದರೆ ರಿಯಾಯಿತಿಯ ಗತಿ ಏನು? ಮಾರುವ ಸಾರಿಗೆ ಸಂಸ್ಥೆಯನ್ನು ವಿದ್ಯುತ್ ಕಂಪನಿ ಅನ್ನಬೇಕಾ? ಅಳೆಯೋದು ಹೇಗೆ?

ನಮ್ಮಲ್ಲಿ ಈ ಗಂಟು ಅರ್ಧ ಬಿಚ್ಚಿದೆ. ಚಾರ್ಜಿಂಗ್ ಅಂದರೆ ಸೇವೆ, ಕರೆಂಟು ಮಾರಾಟವಲ್ಲ, ಅದಕ್ಕೆ ಲೈಸೆನ್ಸ್ ಬೇಡ ಅಂತ ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. 2001ರಲ್ಲೇ ರೇವಾ ಎಲೆಕ್ಟ್ರಿಕ್ ಕಾರನ್ನು ರಸ್ತೆಗಿಳಿಸಿದ ಊರು ಬೆಂಗಳೂರು. ನಮ್ಮ ಮೆಟ್ರೊದ ಮೂರನೇ ಹಳಿಯಲ್ಲಿ (ರೈಲಿಗೆ ಕರೆಂಟು ಕೊಡಲು ಪಕ್ಕದಲ್ಲಿ ಹಾಕಿರುವ ಹಳಿ) ಹರಿಯೋದು 750 ವೋಲ್ಟ್ ಡಿಸಿ, ರೈಲುಗಳು ಬ್ರೇಕಿನಿಂದ ಕರೆಂಟು ವಾಪಸ್ ಕೊಡುತ್ತವೆ. ಉಳಿದಿರೋದು ದರದ ಲೆಕ್ಕ: ಮೆಟ್ರೊಗೊಂದು ದರ, ಚಾರ್ಜಿಂಗ್ ಕೇಂದ್ರಕ್ಕೊಂದು ದರ.

ಬೆಳಿಗ್ಗೆ ನಿಲ್ದಾಣದಲ್ಲಿ ಬಿಟ್ಟು ಹೋದ ಸ್ಕೂಟರ್ ಸಂಜೆವರೆಗೂ ಅಲ್ಲೇ ನಿಂತಿರುತ್ತದೆ. ಅದಕ್ಕೆ ಫಾಸ್ಟ್ ಚಾರ್ಜರ್ ಬೇಕಾಗಿಯೇ ಇಲ್ಲ, ನಿಧಾನಕ್ಕೆ ತುಂಬಿಕೊಂಡರೂ ನಡೆಯುತ್ತದೆ. ಮೊದಲ ಪ್ರಯೋಗ ಅಲ್ಲಿಂದಲೇ ಶುರುವಾಗಲಿ. ಹೊಸ ಮಾರ್ಗಗಳ ಸಬ್‌ಸ್ಟೇಷನ್ ಕಟ್ಟುವಾಗಲೇ ಚಾರ್ಜಿಂಗ್‌ಗೆ ಕರೆಂಟು ಒಯ್ಯುವ ಒಂದು ಫೀಡರ್ ಲೈನಿಗೆ ಜಾಗ ಬಿಟ್ಟರೆ ಆಮೇಲೆ ಒಡೆದು ಕಟ್ಟುವ ಖರ್ಚು ಉಳಿಯುತ್ತದೆ.