ಹೀರುವಿಕೆ ಅಂದ್ರೆ ಹೊಲಕ್ಕೆ ಹಾಕಿದ್ದಲ್ಲ

ಗೋಧಿ ಬೆಳೆ ಬಗ್ಗೆ ಓದ್ತಾ ಇದ್ದೆ, "ಹೆಕ್ಟೇರಿಗೆ 120 ಕಿಲೋ ಸಾರಜನಕ ಹೀರುವಿಕೆ" ಅಂತ ಇತ್ತು, ಮುಂದಿನ ಸಾಲು ನೋಡಿದ್ರೆ ಅದು ಹೊಲಕ್ಕೆ ಚೆಲ್ಲಿದ ಗೊಬ್ಬರದ ಲೆಕ್ಕ. ಎಷ್ಟನೇ ಸಲವೋ ಇದು. ಚೆಲ್ಲಿದ್ದು ಬೇರೆ, ಗಿಡದ ಒಳಗೆ ಹೋಗಿದ್ದು ಬೇರೆ, ಎರಡನೇದಕ್ಕೆ ಮಾತ್ರ ಹೀರುವಿಕೆ ಅನ್ನಬೇಕು. 100 ಕಿಲೋ ಯೂರಿಯಾದಲ್ಲಿ ಸಾರಜನಕ 46 ಕಿಲೋ, ಮಣ್ಣಿನ ಮೇಲೆ ಹಾಗೇ ಬಿಟ್ರೆ ಅದರಲ್ಲಿ ಒಂದಷ್ಟು ಅಮೋನಿಯಾ ಆಗಿ ಗಾಳಿಪಾಲು, ಜೋರು ಮಳೆ ಬಂದ್ರೆ ಇನ್ನೊಂದಷ್ಟು ನೈಟ್ರೇಟ್ ಆಗಿ ಬೇರಿಗೆ ಎಟುಕದಷ್ಟು ಕೆಳಕ್ಕೆ ಇಳಿದುಹೋಗುತ್ತೆ.

ಗೊಂದಲಕ್ಕೆ ಪದವೂ ಸ್ವಲ್ಪ ಕಾರಣ. ಹಳಗನ್ನಡದ "ಪೀರ್" ನಮ್ಮ ಹೀರು, ಪಾಲ್ ಹಾಲಾದ ಹಾಗೆ. ಮಗು ಹಾಲು ಹೀರುತ್ತೆ, ಸೊಳ್ಳೆ ರಕ್ತ ಹೀರುತ್ತೆ, ಬೇರೂ ಹಾಗೇ ಬಾಯಿಟ್ಟು ಎಳ್ಕೊಳ್ಳುತ್ತೆ ಅನ್ನೋ ಚಿತ್ರ ಮನಸ್ಸಲ್ಲಿ ಕೂತುಬಿಡುತ್ತೆ. ನೀರಿನ ಮಟ್ಟಿಗೆ ಅದು ನಡೆಯುತ್ತೆ, ಎಲೆಯಿಂದ ಆವಿ ಹೋದಂಗೆಲ್ಲ ಕೆಳಗಿಂದ ಎಳೆತ ಇದ್ದೇ ಇರುತ್ತೆ. ನೈಟ್ರೇಟ್ ಹಾಗಲ್ಲ, ಬೇರಿನ ಹತ್ರ ನೀರಿನ ಜೊತೆ ಬಂದ್ರೂ ಅದನ್ನ ಒಳಗೆ ತಗೊಳ್ಳೋಕೆ ಬೇರು ಶಕ್ತಿ ಖರ್ಚು ಮಾಡ್ಬೇಕು, ಶಕ್ತಿ ಬೇಕಂದ್ರೆ ಉಸಿರಾಡ್ಬೇಕು, ಉಸಿರಾಡೋಕೆ ಮಣ್ಣಲ್ಲಿ ಗಾಳಿ ಇರ್ಬೇಕು. ನೀರು ನಿಂತ ಹೊಲದಲ್ಲಿ ಗೊಬ್ಬರ ಬಿದ್ದಿದ್ರೂ ಗೋಧಿ ಕೆಳಗಿನ ಎಲೆಯಿಂದ ಹಳದಿ ಆಗ್ತಾ ಬರೋದು ಇದಕ್ಕೇ. ಇನ್ನು ರಂಜಕ ಮಣ್ಣಲ್ಲಿ ಜಾಗ ಬಿಟ್ಟು ಅಲ್ಲಾಡೋದೇ ಕಮ್ಮಿ, ಬೇರು ತಾನಾಗೇ ಅದರ ಹತ್ರ ಹೋಗ್ಬೇಕು, ಅದಕ್ಕೇ ಬಿತ್ತುವಾಗ್ಲೇ ಬೀಜದ ಹತ್ರ ಕೊಡೋದು.

ಇನ್ನೊಂದು ತಪ್ಪು, ಹೀರುವಿಕೆ ಜಾಸ್ತಿ ಅಂದ್ರೆ ಕಾಳಲ್ಲಿ ಪ್ರೋಟೀನ್ ಜಾಸ್ತಿ ಅಂತ ಬರೆಯೋದು. ಲೆಕ್ಕ ಹಾಕಿ ನೋಡಿ. ಒಂದು ಹೊಲದಲ್ಲಿ ಹೆಕ್ಟೇರಿಗೆ 4 ಟನ್ ಕಾಳು, ಸಾರಜನಕ ಶೇ. 2 ಅಂದ್ಕೊಳ್ಳಿ, ಕಾಳಿಗೆ ಸೇರಿದ್ದು 80 ಕಿಲೋ. ಇನ್ನೊಂದರಲ್ಲಿ 2.5 ಟನ್, ಶೇ. 2.4, ಅಂದ್ರೆ 60 ಕಿಲೋ. ಗೋಧಿಗೆ ಸಾರಜನಕವನ್ನ 5.7ರಿಂದ ಗುಣಿಸಿದ್ರೆ ಪ್ರೋಟೀನ್, ಮೊದಲನೇದು ಶೇ. 11.4, ಎರಡನೇದು ಶೇ. 13.7. ಕಮ್ಮಿ ಹೀರಿದ ಹೊಲದ್ದೇ ಪ್ರೋಟೀನ್ ಮೇಲೆ! ಕಾಳು ತುಂಬೋ ಹೊತ್ತಲ್ಲಿ ನೀರು ಸಾಲದೆ ಹೋದ್ರೆ ಪಿಷ್ಟ ಸರಿಯಾಗಿ ಸೇರಲ್ಲ, ಕಾಳು ಸುಕ್ಕುಗಟ್ಟಿ ಪ್ರೋಟೀನ್ ಶೇಕಡಾ ಮೇಲೇರುತ್ತೆ, ಅದನ್ನ ಒಳ್ಳೆ ಬೇಸಾಯದ ಗುರುತು ಅನ್ನೋಕಾಗಲ್ಲ.

ಯಾವಾಗ ಹೀರ್ತು ಅನ್ನೋದೂ ಮುಖ್ಯ. ಸಾರಜನಕದ ಬಹುಪಾಲು ಹೂವಿಗೆ ಮುಂಚೆನೇ ಒಳಗೆ ಹೋಗಿ ಎಲೆ ಕಾಂಡದಲ್ಲಿ ಕೂತಿರುತ್ತೆ, ಆಮೇಲೆ ಎಲೆ ಒಣಗ್ತಾ ಒಣಗ್ತಾ ಅದು ಕಾಳಿಗೆ ಬರುತ್ತೆ. ಮೊದಲೇ ಕೊಟ್ಟ ಮೇಲುಗೊಬ್ಬರ ತೆಂಡೆ (ಬುಡದಿಂದ ಒಡೆಯೋ ಕವಲು), ಇಳುವರಿ ಹೆಚ್ಚಿಸುತ್ತೆ, ಹೂವಿನ ಆಸುಪಾಸಲ್ಲಿ ಕೊಟ್ಟಿದ್ದು ಪ್ರೋಟೀನ್ ಕಡೆಗೆ ವಾಲುತ್ತೆ. ಗಟ್ಟಿ ಗೋಧಿ ತಳಿಯ ಕಾಳು ಅಡ್ಡ ಕತ್ತರಿಸಿ ನೋಡಿ, ಸಾರಜನಕ ಸಾಕಾಗಿದ್ರೆ ಒಳಗೆ ಗಾಜಿನ ಥರ ಹೊಳಪು, ಸಾಲದಿದ್ರೆ ಸುಣ್ಣ ಬಳಿದಂಗೆ ಬಿಳಿ ಮಚ್ಚೆ. ಗಂಧಕ ಕಮ್ಮಿ ಆದ್ರೆ ಪ್ರೋಟೀನ್ ಇದ್ರೂ ಗ್ಲುಟನ್ (ಹಿಟ್ಟಿಗೆ ಜಿಗುಟು ಕೊಡೋ ಪ್ರೋಟೀನ್) ಗುಣ ಕೆಡುತ್ತೆ, ನಾದಿದ ಹಿಟ್ಟು ಸರಿಯಾಗಿ ಹಿಗ್ಗಲ್ಲ.

ಜಿಂಕ್ ಕಥೆನೂ ಇದೇ: ಸುಣ್ಣದಂಶ ಜಾಸ್ತಿ ಇರೋ ಮಣ್ಣಲ್ಲಿ ಜಿಂಕ್ ಇದ್ರೂ ಬೇರಿಗೆ ಸಿಗಲ್ಲ, ರಂಜಕ ಅತಿಯಾದ್ರೂ ಹೀರುವಿಕೆ ಕುಗ್ಗುತ್ತೆ, ಹಾಗಾಗಿ ಕಾಳು ಹಾಲು ತುಂಬೋ ಹೊತ್ತಿಗೆ ಎಲೆ ಮೇಲೆ ಸಿಂಪಡಿಸ್ತಾರೆ. ಆ ಜಿಂಕ್ ಹೆಚ್ಚಾಗಿ ಸೇರೋದು ಮೊಳಕೆ ಒಡೆಯೋ ತುದಿಗೆ ಮತ್ತೆ ಹೊರಪದರಕ್ಕೆ, ಮೈದಾ ಮಾಡುವಾಗ ಅವೆರಡೂ ಬೂಸಾ ಜೊತೆ ಹೋಗ್ತವೆ, ಇಡೀ ಕಾಳಿನ ಅಂಕಿ ತಂದು ಮೈದಾಕ್ಕೆ ಅಂಟಿಸ್ಬೇಡಿ.