ತಂತ್ರಾಂಶ ನಿಂತುಹೋದಾಗ ಎಡಿಟ್ ಏನಾಗುತ್ತದೆ?

2011ರ ಜೂನ್‌ನಲ್ಲಿ ಆಪಲ್ ಕಂಪನಿ ಫೈನಲ್ ಕಟ್ ಪ್ರೊ ಎಕ್ಸ್ ಎಂಬ ವಿಡಿಯೋ ಎಡಿಟಿಂಗ್ ತಂತ್ರಾಂಶ ಬಿಡುಗಡೆ ಮಾಡಿ, ಫೈನಲ್ ಕಟ್ ಪ್ರೊ 7 ಇದ್ದ ಹಳೆಯ ಫೈನಲ್ ಕಟ್ ಸ್ಟುಡಿಯೋದ ಮಾರಾಟ ನಿಲ್ಲಿಸಿತು. ಫೈನಲ್ ಕಟ್ ಪ್ರೊ 7ರಲ್ಲಿ ಮಾಡಿದ ಪ್ರಾಜೆಕ್ಟ್‌ಗಳು ಹೊಸದರಲ್ಲಿ ತೆರೆಯುತ್ತಲೇ ಇರಲಿಲ್ಲ. ಎಡಿಟನ್ನು ಬೇರೆ ತಂತ್ರಾಂಶಕ್ಕೆ ಸಾಗಿಸುವ ಎಕ್ಸ್‌ಎಂಎಲ್ ಫೈಲಿನ ಸೌಲಭ್ಯ ಸೇರಿದ್ದು ಆ ಸೆಪ್ಟೆಂಬರ್‌ನಲ್ಲಿ, ಹಲವು ಕ್ಯಾಮೆರಾಗಳ ಚಿತ್ರಗಳನ್ನು ಒಟ್ಟಿಗೆ ಎಡಿಟ್ ಮಾಡುವ ಮಲ್ಟಿಕ್ಯಾಮ್ ಬಂದದ್ದು 2012ರ ಜನವರಿಯಲ್ಲಿ. ಇಷ್ಟಾದರೂ ಹಳೆಯ ತಂತ್ರಾಂಶ ಒಂದೇ ದಿನಕ್ಕೆ ಸಾಯಲಿಲ್ಲ. 2017ರ ಮ್ಯಾಕ್‌ಒಎಸ್ ಹೈ ಸಿಯೆರಾದಲ್ಲಿ ಅದು ಓಡುವುದು ನಿಂತಿತು. 2019ರ ಕ್ಯಾಟಲಿನಾ 32 ಬಿಟ್‌ನ ಎಲ್ಲ ತಂತ್ರಾಂಶಗಳಿಗೂ ಬಾಗಿಲು ಮುಚ್ಚಿತು. ಮಾರಾಟ ನಿಂತ ದಿನಕ್ಕೂ ನಿಜವಾಗಿ ಓಡದಾದ ದಿನಕ್ಕೂ ನಡುವೆ ಆರು ವರ್ಷಗಳಿದ್ದವು. ಹೊಸ ತಂತ್ರಾಂಶ ಯಾವುದು ಎಂಬ ಚರ್ಚೆಗಿಂತ ಇಂಥ ಬಿಡುವಿನಲ್ಲಿ ಹಳೆಯದರಿಂದ ಏನನ್ನು ಹೊರತೆಗೆದಿಟ್ಟುಕೊಂಡಿರಿ ಎಂಬುದೇ ಮುಖ್ಯ.

ಚೆನ್ನಾಗಿ ಓಡುವ ತಂತ್ರಾಂಶವನ್ನು ನಿಲ್ಲಿಸುವುದೇಕೆ? ಲೆಕ್ಕ ಹಾಕಿ ನೋಡಿದರೆ ಒಂದು ಕಾರಣ ತಿಳಿಯುತ್ತದೆ. ಫೈನಲ್ ಕಟ್ ಪ್ರೊ 7ರಂಥ 32 ಬಿಟ್ ತಂತ್ರಾಂಶ ಹೆಚ್ಚೆಂದರೆ 4 ಜಿಬಿ ಮೆಮೊರಿಯನ್ನು ಮುಟ್ಟಬಲ್ಲದು. 3840×2160 ಅಳತೆಯ ಒಂದು ಫ್ರೇಮನ್ನು ಕಲರ್ ಗ್ರೇಡಿಂಗ್‌ಗೆ (ಬಣ್ಣ ತಿದ್ದುವುದಕ್ಕೆ) ಬೇಕಾದ ಪೂರ್ಣ ನಿಖರತೆಯಲ್ಲಿ, ಅಂದರೆ ಪಿಕ್ಸೆಲ್‌ಗೆ 16 ಬೈಟ್‌ನಂತೆ ಇಟ್ಟರೆ ಸುಮಾರು 133 ಎಂಬಿ ಆಗುತ್ತದೆ. 4 ಜಿಬಿಯಲ್ಲಿ ಹಿಡಿಯುವುದು 32 ಫ್ರೇಮ್ ಮಾತ್ರ, ಸೆಕೆಂಡಿಗೆ ತುಸು ಹೆಚ್ಚು. ಇದಕ್ಕೆ ತೇಪೆ ಹಾಕಿ ಪ್ರಯೋಜನವಿಲ್ಲ, ಬುಡದಿಂದಲೇ ಬರೆಯಬೇಕು. ಹಾಗೆ ಬರೆಯುವಾಗ ಹಳೆಯ ಪ್ರಾಜೆಕ್ಟ್ ಓದುವ ಕೆಲಸ ಹಿಂದೆ ಬೀಳುತ್ತದೆ.

ಪ್ರಾಜೆಕ್ಟ್ ಫೈಲಿನಲ್ಲಿ ಸಾಮಾನ್ಯವಾಗಿ ವಿಡಿಯೋ ಇರುವುದಿಲ್ಲ. ಯಾವ ಕ್ಲಿಪ್ ಎಲ್ಲಿದೆ, ಅದರ ಯಾವ ಫ್ರೇಮಿನಿಂದ ಯಾವ ಫ್ರೇಮಿನವರೆಗೆ ಬೇಕು, ಟೈಮ್‌ಲೈನ್‌ನಲ್ಲಿ ಎಲ್ಲಿ ಕೂರಬೇಕು, ಅದರ ಮೇಲೆ ಯಾವ ಎಫೆಕ್ಟ್ ಎಷ್ಟು ಇರಬೇಕು ಎಂಬ ತೀರ್ಮಾನಗಳಷ್ಟೇ ಅದರಲ್ಲಿರುತ್ತವೆ. ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸವೆಂದರೆ ಈ ತೀರ್ಮಾನಗಳೇ. ಫುಟೇಜ್ ಹಾರ್ಡ್‌ಡಿಸ್ಕ್‌ನಲ್ಲಿ ಭದ್ರವಾಗಿದ್ದರೂ ಇವು ಕೈತಪ್ಪಬಹುದು.

ಇವನ್ನು ಸಾಗಿಸುವ ಅತಿ ಹಳೆಯ, ಅತಿ ಗಟ್ಟಿ ದಾರಿ ಇಡಿಎಲ್, ಅಂದರೆ ಎಡಿಟ್ ಡಿಸಿಷನ್ ಲಿಸ್ಟ್ (ಎಡಿಟ್ ತೀರ್ಮಾನಗಳ ಪಟ್ಟಿ). ಇದು ಬರೀ ಅಕ್ಷರಗಳ ಫೈಲ್, ಯಾವ ಕಂಪ್ಯೂಟರಿನಲ್ಲಾದರೂ ಓದಬಹುದು. ಒಂದು ಸಾಲಿನಲ್ಲಿ ಕಟ್‌ನ ಕ್ರಮಸಂಖ್ಯೆ, ರೀಲ್‌ನ (ಮೂಲ ಟೇಪ್ ಅಥವಾ ಕ್ಲಿಪ್‌ನ) ಹೆಸರು, ಟ್ರ್ಯಾಕ್, ಆಮೇಲೆ ನಾಲ್ಕು ಟೈಮ್‌ಕೋಡ್‌ಗಳು (ಗಂಟೆ:ನಿಮಿಷ:ಸೆಕೆಂಡ್:ಫ್ರೇಮ್). ಮೂಲ ಕ್ಲಿಪ್‌ನಲ್ಲಿ 01:02:10:05ರಿಂದ 01:02:14:10, ಟೈಮ್‌ಲೈನ್‌ನಲ್ಲಿ 01:00:20:00ರಿಂದ 01:00:24:05 ಎಂದಿದ್ದರೆ, ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಅದು 105 ಫ್ರೇಮ್‌ಗಳ ಶಾಟ್. ಕೊನೆಯ ಸಂಖ್ಯೆಯ ಫ್ರೇಮ್ ಶಾಟ್‌ಗೆ ಸೇರುವುದಿಲ್ಲ, ಮೂಲ ಕ್ಲಿಪ್‌ನಲ್ಲಿ ನಿಜವಾದ ಕೊನೆಯ ಫ್ರೇಮ್ :09. ಕೈಯಿಂದ ಸಾಲು ತಿದ್ದುವಾಗ ಇದನ್ನು ಮರೆತರೆ ಪ್ರತಿ ಕಟ್‌ನಲ್ಲೂ ಒಂದು ಫ್ರೇಮ್ ತಪ್ಪಿಹೋಗುತ್ತದೆ. ಇಡಿಎಲ್‌ನ ಮಿತಿಗಳೂ ದೊಡ್ಡವೇ. ಸಿಎಂಎಕ್ಸ್ 3600 ಮಾದರಿಯದು ಒಂದೇ ವಿಡಿಯೋ ಟ್ರ್ಯಾಕನ್ನು ಒಯ್ಯುತ್ತದೆ, 999 ಕಟ್‌ಗಳಿಗೆ ನಿಲ್ಲುತ್ತದೆ, ರೀಲ್ ಹೆಸರಿಗೆ ಎಂಟೇ ಅಕ್ಷರ. ಉದ್ದ ಹೆಸರಿನ ಹತ್ತಾರು ಕ್ಲಿಪ್‌ಗಳು ಮೊದಲ ಎಂಟು ಅಕ್ಷರಗಳಿಗೆ ಕತ್ತರಿಸಿಹೋಗಿ ಒಂದೇ ಹೆಸರಾಗುತ್ತವೆ, ಹೊಸ ತಂತ್ರಾಂಶ ತಪ್ಪು ಕ್ಲಿಪ್ ತಂದು ಜೋಡಿಸುತ್ತದೆ. ಇಡಿಎಲ್ ಒಂದೇ ಟ್ರ್ಯಾಕ್ ಒಯ್ಯುವುದರಿಂದ ಒಂದೊಂದು ವಿಡಿಯೋ ಟ್ರ್ಯಾಕಿಗೂ ಒಂದೊಂದು ಇಡಿಎಲ್ ತೆಗೆದಿಡಿ.

ಎಕ್ಸ್‌ಎಂಎಲ್ ಇದಕ್ಕಿಂತ ಬಹಳಷ್ಟನ್ನು ಹೊರುತ್ತದೆ: ಹಲವು ಟ್ರ್ಯಾಕ್, ಕ್ಲಿಪ್‌ನ ಗಾತ್ರ ಮತ್ತು ಸ್ಥಾನ, ಧ್ವನಿಯ ಏರಿಳಿತ, ಮಾರ್ಕರ್. ಹೆಸರು ಒಂದೇ ಆದರೂ ಫೈನಲ್ ಕಟ್ 7ರ ಎಕ್ಸ್‌ಎಂಎಲ್ ಮತ್ತು ಈಗಿನ ಫೈನಲ್ ಕಟ್‌ನ ಎಕ್ಸ್‌ಎಂಎಲ್ ಬೇರೆ ಬೇರೆ ಭಾಷೆಗಳು. ಬೇರೆ ಎಡಿಟಿಂಗ್ ತಂತ್ರಾಂಶಗಳಲ್ಲಿ ಪ್ರೀಮಿಯರ್ ಪ್ರೊ ಹೊರತರುವುದು ಹಳೆಯದನ್ನು. ಡಾವಿಂಚಿ ರಿಸಾಲ್ವ್ ಎರಡನ್ನೂ ಓದುತ್ತದೆ. ಧ್ವನಿ ಸಾಗಿಸಲು ಎಎಎಫ್ ಎಂಬ ಫೈಲ್ ಮಾದರಿ ಒಳ್ಳೆಯದು, ಏಕೆಂದರೆ ಅದೇ ಕೆಲಸದ ಹಳೆಯ ಒಎಂಎಫ್ ಫೈಲ್ 2 ಜಿಬಿ ದಾಟಲಾರದು. ಪ್ಲಗಿನ್ ಎಫೆಕ್ಟ್, ಟೈಟಲ್‌ನ ವಿನ್ಯಾಸ, ವೇಗ ಏರಿಳಿಯುವ ಶಾಟ್, ಕಲರ್ ಗ್ರೇಡಿಂಗ್ ಇವುಗಳಲ್ಲಿ ಯಾವುದೂ ಯಾವ ದಾರಿಯಲ್ಲೂ ಪೂರ್ತಿಯಾಗಿ ದಾಟುತ್ತದೆಂದು ನಂಬಬೇಡಿ.

ಅದಕ್ಕೇ ಹಳೆಯ ತಂತ್ರಾಂಶ ಓಡುತ್ತಿರುವಾಗಲೇ ಮುಖ್ಯವಾದ ಪ್ರತಿ ಪ್ರಾಜೆಕ್ಟಿಗೂ ಒಂದು ಗಂಟು ಕಟ್ಟಿಡಬೇಕು. ಮೊದಲು ಪೂರ್ಣ ಗುಣಮಟ್ಟದ ಮಾಸ್ಟರ್ (ಮುಗಿದ ವಿಡಿಯೋದ ಮೂಲಪ್ರತಿ), ಪ್ರೋರೆಸ್ 422 ಎಚ್‌ಕ್ಯೂ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಕೋಡೆಕ್‌ನಲ್ಲಿ (ಕೋಡೆಕ್ ಎಂದರೆ ವಿಡಿಯೋವನ್ನು ಕುಗ್ಗಿಸಿಡುವ ವಿಧಾನ). ಅದರ ಜೊತೆಗೆ ಟೈಟಲ್‌ಗಳಿಲ್ಲದ ಇನ್ನೊಂದು ಪ್ರತಿ. ಮಾತು, ಸಂಗೀತ, ಇತರ ಶಬ್ದಗಳು ಬೇರೆ ಬೇರೆಯಾಗಿ 48 ಕಿಲೋಹರ್ಟ್ಸ್‌ನ ವೇವ್ ಫೈಲ್‌ಗಳಾಗಿ. ಟೈಮ್‌ಕೋಡ್ ಪರದೆಯ ಮೇಲೆ ಕಾಣುವಂತೆ ಒಂದು ಸಣ್ಣ ಉಲ್ಲೇಖ ವಿಡಿಯೋ. ಎಕ್ಸ್‌ಎಂಎಲ್, ಇಡಿಎಲ್, ಎಎಎಫ್ ಮೂರೂ. ಬಳಸಿದ ಫಾಂಟ್‌ಗಳ ಹೆಸರು, ಬಣ್ಣ ಬದಲಿಸುವ ಎಲ್‌ಯುಟಿ ಫೈಲ್‌ಗಳು, ಪ್ಲಗಿನ್‌ಗಳ ಪಟ್ಟಿ, ಮುಖ್ಯ ಎಫೆಕ್ಟ್‌ಗಳ ಅಂಕಿಗಳು ಕಾಣುವ ಸ್ಕ್ರೀನ್‌ಶಾಟ್. ಜಾಗದ ಅಂದಾಜಿಗೆ, 1920×1080ರಲ್ಲಿ ಸೆಕೆಂಡಿಗೆ 29.97 ಫ್ರೇಮ್‌ನ ಸಾಮಾನ್ಯ ಪ್ರೋರೆಸ್ 422 ಗಂಟೆಗೆ ಸುಮಾರು 66 ಜಿಬಿ ತಿನ್ನುತ್ತದೆ. ಎಚ್‌ಕ್ಯೂ ಅದರ ಒಂದೂವರೆ ಪಟ್ಟು.

ಫುಟೇಜಿನ ಕೋಡೆಕ್ಕನ್ನೂ ಈಗಲೇ ನೋಡಿಕೊಳ್ಳಿ. ಕ್ವಿಕ್‌ಟೈಮ್ 7ರ ಕಾಲದ ಸೊರೆನ್ಸನ್ ವಿಡಿಯೋ 3ರಂಥವನ್ನು ಪ್ರೀಮಿಯರ್ ಪ್ರೊ 2018ರಲ್ಲೇ ಕೈಬಿಟ್ಟಿತು. ಹಳೆಯ ಯಂತ್ರದಲ್ಲಿ ಸಲೀಸಾಗಿ ಆಡುವ ಕ್ಲಿಪ್ ಹೊಸದರಲ್ಲಿ ತೆರೆಯದೇ ಹೋಗಬಹುದು. ಅಂಥವನ್ನು ಹಳೆಯ ಯಂತ್ರದಲ್ಲೇ ಪ್ರೋರೆಸ್‌ಗೆ ಬದಲಿಸಿ, ಫೈಲಿನ ಹೆಸರು ಮತ್ತು ಟೈಮ್‌ಕೋಡ್ ಬದಲಾಗದಂತೆ ಎಚ್ಚರ ವಹಿಸಿ. ಕ್ಲಿಪ್‌ಗಳು ಎಡಿಟ್‌ಗೆ ಮರುಜೋಡಣೆಯಾಗುವುದು ಈ ಎರಡನ್ನು ಆಧರಿಸಿ. ಹಳೆಯ ಯಂತ್ರವನ್ನು ಇಂಟರ್ನೆಟ್‌ನಿಂದ ಬಿಡಿಸಿ ಹಾಗೇ ಇಟ್ಟುಕೊಳ್ಳುವುದೂ ಒಳ್ಳೆಯದೇ. ಆದರೆ ತಂತ್ರಾಂಶದ ಲೈಸೆನ್ಸ್ ಕಂಪನಿಯ ಸರ್ವರ್ ಕೇಳುವಂಥದ್ದಾದರೆ ಡಿಸ್ಕ್ ಬದಲಿಸಿದ ದಿನ ಅದು ಮತ್ತೆ ಏಳುತ್ತದೆಂಬ ಭರವಸೆ ಇಲ್ಲ.

ಇನ್ನು ಆಯ್ಕೆ. ಎವಿಡ್ ಮೀಡಿಯಾ ಕಂಪೋಸರ್, ಪ್ರೀಮಿಯರ್ ಪ್ರೊ, ರಿಸಾಲ್ವ್, ಫೈನಲ್ ಕಟ್, ಮುಕ್ತ ತಂತ್ರಾಂಶವಾದ ಕೆಡೆನ್‌ಲೈವ್ ಎಲ್ಲವೂ ಕಟ್ ಮಾಡುತ್ತವೆ. ಎಫೆಕ್ಟ್‌ಗಳ ಎಣಿಕೆ ನೋಡಿ ಆರಿಸಬೇಡಿ. ಕೆಲಸವನ್ನು ಎಲ್ಲಿ ಇಡುತ್ತದೆ, ಹೊರಗೆ ಹೇಗೆ ಬಿಡುತ್ತದೆ ಎಂದು ಕೇಳಿ. ಪ್ರೀಮಿಯರ್‌ನ ಪ್ರಾಜೆಕ್ಟ್ ಫೈಲ್ ಎಂದರೆ ಜಿಜಿಪ್ ವಿಧಾನದಲ್ಲಿ ಕುಗ್ಗಿಸಿದ ಎಕ್ಸ್‌ಎಂಎಲ್. ಬಿಚ್ಚಿದರೆ ಕ್ಲಿಪ್‌ಗಳ ದಾರಿಗಳನ್ನಾದರೂ ಕಣ್ಣಿಂದ ಓದಬಹುದು. ಕೆಡೆನ್‌ಲೈವ್‌ನದು ನೇರ ಎಕ್ಸ್‌ಎಂಎಲ್. ರಿಸಾಲ್ವ್ ಪ್ರಾಜೆಕ್ಟನ್ನು ಡೇಟಾಬೇಸಿನೊಳಗೆ ಇಡುತ್ತದೆ, ಹಾಗಾಗಿ ಫುಟೇಜ್ ಫೋಲ್ಡರನ್ನು ನಕಲು ಮಾಡಿದರೆ ಎಡಿಟ್ ಜೊತೆಗೆ ಬರುವುದಿಲ್ಲ, ಪ್ರಾಜೆಕ್ಟನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಲೇಬೇಕು. ಅದರ ಉಚಿತ ಆವೃತ್ತಿ 3840×2160 ಮೀರಿ ರೆಂಡರ್ ಮಾಡುವುದಿಲ್ಲ. ಎವಿಡ್ ತನ್ನ ಎಂಎಕ್ಸ್‌ಎಫ್ ಮೀಡಿಯಾ ಫೈಲ್‌ಗಳನ್ನು ತನ್ನದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ, ಆ ಫೋಲ್ಡರಿನ ಹೆಸರು ಬದಲಿಸಿದರೆ ಎಲ್ಲ ಕ್ಲಿಪ್‌ಗಳೂ ಆಫ್‌ಲೈನ್ ಆಗುತ್ತವೆ, ಅಂದರೆ ತಂತ್ರಾಂಶಕ್ಕೆ ಸಿಗುವುದಿಲ್ಲ. ಒಂದೇ ಪ್ರಾಜೆಕ್ಟಿನ ಮೇಲೆ ಹಲವರು ಒಟ್ಟಿಗೆ ಕೂರುವ ಕಡೆ ಮಾತ್ರ ಎವಿಡ್‌ನ ಬಿನ್ ಲಾಕಿಂಗ್ (ಒಬ್ಬರು ತೆರೆದ ಕ್ಲಿಪ್‌ಗಳ ಬಿನ್ ಅನ್ನು ಇನ್ನೊಬ್ಬರು ಬದಲಿಸದಂತೆ ತಡೆಯುವ ವ್ಯವಸ್ಥೆ) ಈ ಕಟ್ಟುನಿಟ್ಟನ್ನು ಸಹಿಸಿಕೊಳ್ಳುವಷ್ಟು ಬೆಲೆಯುಳ್ಳದ್ದು.

ಆಯ್ಕೆಯನ್ನು ಖಚಿತ ಮಾಡಿಕೊಳ್ಳಲು ಹಳೆಯದೊಂದು ಮುಗಿದ ಕೆಲಸವೇ ಸಾಕು. ಹತ್ತು ನಿಮಿಷದ್ದು ತೆಗೆದುಕೊಳ್ಳಿ. ಅದರಲ್ಲಿ ವೇಗ ಬದಲಿಸಿದ ಶಾಟ್, ಡಿಸಾಲ್ವ್ (ಒಂದು ಶಾಟ್ ಕರಗಿ ಇನ್ನೊಂದಾಗುವುದು), ಟೈಟಲ್, ಬೇರೆ ಫ್ರೇಮ್ ದರದ ಕ್ಲಿಪ್ ಇರಲಿ. ಎಕ್ಸ್‌ಎಂಎಲ್ ಮೂಲಕ ತಂದು, ಟೈಮ್‌ಕೋಡ್ ಅಂಕಿಗಳಿಲ್ಲದ ಹಳೆಯ ಮಾಸ್ಟರನ್ನು ಎಲ್ಲಕ್ಕಿಂತ ಮೇಲಿನ ಟ್ರ್ಯಾಕಿನಲ್ಲಿಟ್ಟು, ಅದರ ಬ್ಲೆಂಡ್ ಮೋಡನ್ನು ಡಿಫರೆನ್ಸ್‌ಗೆ (ಎರಡು ಚಿತ್ರಗಳ ವ್ಯತ್ಯಾಸವನ್ನಷ್ಟೇ ತೋರಿಸುವ ವಿಧಾನಕ್ಕೆ) ಹಾಕಿ. ಎರಡೂ ಹೊಂದಿದಲ್ಲಿ ಪರದೆ ಕಪ್ಪಾಗುತ್ತದೆ. ಮುಖದ ಅಂಚು, ಕಿಟಕಿಯ ಚೌಕಟ್ಟು ತೆಳುಗೆರೆಗಳಾಗಿ ಹೊಳೆದರೆ ಶಾಟ್ ಒಂದೆರಡು ಫ್ರೇಮ್ ಸರಿದಿದೆ ಅಥವಾ ಗಾತ್ರ ತುಸು ಬೇರೆಯಾಗಿದೆ: ನಿಂತ ಚಿತ್ರದಲ್ಲೂ ಗೆರೆ ಕಂಡರೆ ಗಾತ್ರ, ಚಲನೆಯಿದ್ದಲ್ಲಿ ಮಾತ್ರ ಕಂಡರೆ ಸಮಯ. ಪರದೆಯಿಡೀ ಮಸುಕು ಬೂದಾಗಿದ್ದರೆ ಬಣ್ಣದ ಶ್ರೇಣಿ ಅಥವಾ ಗ್ಯಾಮಾ (ನಡುಬೆಳಕಿನ ಮಟ್ಟ) ಹೊಂದಿಲ್ಲ. ಅಲ್ಲಲ್ಲಿ ಸಣ್ಣ ಮರಳಿನಂಥ ಚುಕ್ಕೆಗಳು ಕೋಡೆಕ್‌ನವು, ಬಿಟ್ಟುಬಿಡಿ. ಧ್ವನಿಗೂ ಇದೇ ಪರೀಕ್ಷೆ ನಡೆಯುತ್ತದೆ. ಹಳೆಯ ಮಿಶ್ರಣದ ಧ್ವನಿತರಂಗವನ್ನು ತಲೆಕೆಳಗು ಮಾಡಿ (ಫೇಸ್ ತಿರುಗಿಸಿ) ಹೊಸದರ ಜೊತೆ ಕೂಡಿಸಿದರೆ ಮೌನ ಬರಬೇಕು, ಎಲ್ಲಿ ಶಬ್ದ ಉಳಿಯಿತೋ ಅಲ್ಲಿ ಮಟ್ಟ ಅಥವಾ ಸ್ಥಾನ ತಪ್ಪಿದೆ.

ಟೈಮ್‌ಲೈನ್ ಮುಂದೆ ಹೋದಂತೆ ತುಟಿಗೂ ಮಾತಿಗೂ ಅಂತರ ಬೆಳೆಯುತ್ತಿದ್ದರೆ ಫ್ರೇಮ್ ದರ ನೋಡಿ. 23.976ರ ಟೈಮ್‌ಲೈನನ್ನು 24 ಎಂದು ಓದಿದರೆ ಗಂಟೆಗೆ 3.6 ಸೆಕೆಂಡಿನಷ್ಟು ಜಾರುತ್ತದೆ. ಟೈಮ್‌ಲೈನ್‌ಗೆ ಮೊದಲ ಕ್ಲಿಪ್ ಸೇರಿಸುವ ಮುನ್ನವೇ ದರ ಹೊಂದಿಸಬೇಕು, ರಿಸಾಲ್ವ್‌ನಂಥ ತಂತ್ರಾಂಶಗಳಲ್ಲಿ ಆಮೇಲೆ ಅದನ್ನು ಬದಲಿಸಲಾಗುವುದಿಲ್ಲ. ಫೋನಿನಲ್ಲಿ ಚಿತ್ರಿಸಿದ ಕ್ಲಿಪ್‌ಗಳ ದರ ಸಾಮಾನ್ಯವಾಗಿ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅವನ್ನು ಎಡಿಟ್‌ಗೆ ಮುಂಚೆಯೇ ಸ್ಥಿರ ದರಕ್ಕೆ ತಂದುಕೊಳ್ಳಿ.

ಅರ್ಧಕ್ಕೆ ಬಂದ ಕೆಲಸವನ್ನು ಮಾತ್ರ ಹೊಸದಕ್ಕೆ ಎತ್ತಬೇಡಿ, ಹಳೆಯದರಲ್ಲೇ ಮುಗಿಸಿ. ಹೊಸ ತಂತ್ರಾಂಶವನ್ನು ಹೊಸ, ಚಿಕ್ಕ ಕೆಲಸದಿಂದ ಶುರು ಮಾಡಿ. ಕೀಬೋರ್ಡ್ ಶಾರ್ಟ್‌ಕಟ್‌ಗಳನ್ನು ಹಳೆಯ ತಂತ್ರಾಂಶದ ಮಾದರಿಗೆ ಹೊಂದಿಸಿಕೊಳ್ಳುವ ಸೌಲಭ್ಯ ರಿಸಾಲ್ವ್‌ನಲ್ಲೂ ಪ್ರೀಮಿಯರ್‌ನಲ್ಲೂ ಇದೆ.